ಭೂತವೇ ಬಾಗಿಲು ಕಾಯುವ ಇರುಳು

ದೆವ್ವಕ್ಕೆ ಹೆದರಿ ಬಾಗಿಲು ಹಾಕಿಕೊಳ್ಳುವುದು ಲೋಕದ ರೂಢಿ. ದೆವ್ವವನ್ನು ತಾವೇ ಮಾಡಿ ಬಾಗಿಲಲ್ಲಿ ನಿಲ್ಲಿಸಿ, ಅದರ ಹೊಟ್ಟೆಯಲ್ಲೊಂದು ದೀಪವನ್ನೂ ಹಚ್ಚಿಟ್ಟು, ಯಾರ ಮಕ್ಕಳಾದರೂ ಬಂದು ಕದ ತಟ್ಟಲಿ ಎಂದು ಕಾದು ಕುಳಿತುಕೊಳ್ಳುವ ರೂಢಿಯೂ ಒಂದುಂಟು. ಪ್ರತಿ ವರ್ಷ ಅಕ್ಟೋಬರ್ 31ರ ಸಂಜೆ ಅಮೆರಿಕದ ಊರೂರುಗಳಲ್ಲಿ ನಡೆಯುವ ಹ್ಯಾಲೋವೀನ್ ಹಬ್ಬ ಅದು. ಅಂದು ಅಲ್ಲಿಯ ಬೀದಿಯೊಂದರಲ್ಲಿ ನಡೆದುಹೋಗುವವನಿಗೆ ಮೆಟ್ಟಿಲುಗಳ ಮೇಲೆ ಹಲ್ಲು ಕಿರಿಯುವ ಕುಂಬಳಕಾಯಿಗಳು, ಹುಲ್ಲುಹಾಸಿನಲ್ಲಿ ಬೂದುಬಣ್ಣ ಬಳಿದ ಹುಸಿ ಗೋರಿಕಲ್ಲುಗಳು, ಮರದ ಕೊಂಬೆಯಲ್ಲಿ ಗಾಳಿಗೆ ಆಡುವ ಬಿಳಿಬಟ್ಟೆಯ ಪಿಶಾಚಿಗಳು, ಕಿಟಕಿಯ ಗಾಜಿನ ಮೇಲೆ ಕರಿಕಾಗದದ ಬಾವಲಿಗಳು ಕಾಣಿಸುತ್ತವೆ. ಹೊಸದಾಗಿ ಅಲ್ಲಿಗೆ ಹೋದ ನಮ್ಮವರಿಗೆ ಮೊದಲ ವರ್ಷ ಇದೆಲ್ಲ ಅಮಂಗಳವೆನಿಸಿದರೆ ಆಶ್ಚರ್ಯವಿಲ್ಲ. ಬಾಗಿಲಿಗೆ ಮಾವಿನ ತಳಿರು ಕಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು ಬೆಳೆದವರು ಅಸ್ಥಿಪಂಜರವನ್ನು ದ್ವಾರಪಾಲಕನನ್ನಾಗಿ ನಿಲ್ಲಿಸಿಕೊಳ್ಳುವುದೆಂದರೇನು?

ಆದರೆ ಮನೆಯ ಮುಂದಿನ ಅಲಂಕಾರವೆಂಬುದು ಎಲ್ಲ ನಾಡಿನಲ್ಲಿಯೂ ಬಾಯಿಲ್ಲದ ಮಾತು. ತಳಿರು ಒಂದು ಮಾತನ್ನು ಹೇಳುತ್ತದೆ. ಕೊರೆದ ಕುಂಬಳಕಾಯಿ ಇನ್ನೊಂದನ್ನು. ಈ ಕಾಯಿ ನೂರಾರು ವರ್ಷಗಳಲ್ಲಿ ತನ್ನ ಮಾತಿನ ಅರ್ಥವನ್ನೇ ತಿರುವುಮುರುವು ಮಾಡಿಕೊಂಡಿದೆ ಎಂಬುದು ಕುತೂಹಲದ ಸಂಗತಿ. ಆ ಮಾತನ್ನು ಆಡಿದವರೊಂದು ಬಗೆ, ಕೇಳಿದವರೊಂದು ಬಗೆಯಾದಾಗ ಏನಾಗಬಹುದೆಂಬುದು ಕುತೂಹಲಕ್ಕಿಂತ ಗುರುತರವಾದ ಸಂಗತಿ.

ಗೆಡ್ಡೆಯಿಂದ ಕುಂಬಳಕ್ಕೆ

ಹಬ್ಬದ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿದೆ. ಅಲ್ಲಿಯ ಕೆಲ್ಟ್ ಜನರಿಗೆ ವರ್ಷವೆಂದರೆ ಎರಡು ಹೋಳು: ಬೆಳಕಿನದೊಂದು, ಕತ್ತಲೆಯದೊಂದು. ಸುಗ್ಗಿ ಮುಗಿದು, ಬೆಟ್ಟದ ಹುಲ್ಲುಗಾವಲಿನಿಂದ ದನಗಳನ್ನು ಇಳಿಸಿ ತಂದು ಕೊಟ್ಟಿಗೆಗೆ ಕಟ್ಟುವ ಹೊತ್ತಿಗೆ ಕತ್ತಲೆಯ ಹೋಳು ಆರಂಭವಾಗುತ್ತಿತ್ತು. ಆ ಸಂಧಿಕಾಲದ ಹಬ್ಬದ ಹೆಸರು ಐರಿಷರ ಬಾಯಲ್ಲಿ ಹೆಚ್ಚು ಕಡಿಮೆ ‘ಸಾವಿನ್’ ಎಂದು ಕೇಳಿಸುತ್ತದೆ. ಸತ್ತವರ ಹಬ್ಬಕ್ಕೆ ಇಂಥ ಹೆಸರೇ ಎಂದು ಕನ್ನಡಿಗನ ಕಿವಿ ನೆಟ್ಟಗಾಗುವುದು ಸಹಜ. ಆದರೆ ಇದು ಬರಿಯ ನಾದಸಾಮ್ಯ. ಬೇಸಿಗೆಯ ಕೊನೆ ಎಂದು ಆ ಶಬ್ದಕ್ಕೆ ಪರಂಪರೆಯಿಂದ ಅರ್ಥ ಹೇಳುತ್ತಾರೆ. ಇಂಥ ಸಾಮ್ಯಗಳ ಬೆನ್ನು ಹತ್ತಿ ಹೊರಟವರು ಊರು ಸೇರಿದ್ದಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಡೋಣ. ಮುಂದೆ ಕ್ರೈಸ್ತಧರ್ಮ ಬಂದು, 8ನೆಯ ಮತ್ತು 9ನೆಯ ಶತಮಾನಗಳಲ್ಲಿ ನವೆಂಬರ್ 1 ಸಕಲ ಸಂತರ ದಿನವೆಂದು ನೆಲೆಗೊಂಡಿತು. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಮರುದಿನ, ಎಂದರೆ ನವೆಂಬರ್ 2, ಸತ್ತವರೆಲ್ಲರ ಆತ್ಮಗಳಿಗೆ ಮೀಸಲು.

ಆ ಇರುಳು ಇಹಪರಗಳ ನಡುವಣ ತೆರೆ ತೆಳುವಾಗುತ್ತದೆ, ಅಲೆಯುವ ಪ್ರೇತಗಳು ಮನೆಬಾಗಿಲಿಗೆ ಬಂದಾವೆಂಬ ನಂಬಿಕೆ ಹಳ್ಳಿಗರಲ್ಲಿತ್ತು. ಅವನ್ನು ಬೆದರಿಸಿ ಅಟ್ಟಲು ಅವರು ಟರ್ನಿಪ್ ಗೆಡ್ಡೆಯ ತಿರುಳು ತೆಗೆದು, ಕಣ್ಣುಬಾಯಿ ಕೊರೆದು, ಒಳಗೆ ಕೆಂಡವನ್ನೋ ಮೇಣದ ಬತ್ತಿಯ ತುಂಡನ್ನೋ ಇಟ್ಟು ಬಾಗಿಲಲ್ಲಿಡುತ್ತಿದ್ದರು. ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಡನೆಗಾಲ್ ಸೀಮೆಯ ಇಂಥ ಗೆಡ್ಡೆಯೊಂದರ ಅಚ್ಚು ಇದೆ. ಸುಕ್ಕುಗಟ್ಟಿದ ಚರ್ಮ, ಮೊನಚು ಹಲ್ಲು; ಇಂದಿನ ದುಂಡುಮುಖದ ಕುಂಬಳಕಾಯಿಯ ನಗೆ ಅದರಲ್ಲಿ ಲವಲೇಶವೂ ಇಲ್ಲ. ಸೈತಾನನನ್ನು ಮೋಸಗೊಳಿಸಿ ಸೇಬಿನ ಮರದ ಮೇಲೆ ಕಟ್ಟಿಹಾಕಿದ ಜಿಪುಣ ಜಾಕನ ಕಥೆಯನ್ನೂ ಈ ದೀಪಕ್ಕೆ ತಳಕು ಹಾಕಿದ್ದಾರೆ. ಸ್ವರ್ಗ ಅವನನ್ನು ಒಳಗೆ ಬಿಡಲಿಲ್ಲ, ನರಕವೂ ಬೇಡವೆಂದಿತು. ಗೆಡ್ಡೆಯೊಳಗೆ ಒಂದು ಕೆಂಡವನ್ನಿಟ್ಟುಕೊಂಡು ಆತ ಇನ್ನೂ ಅಲೆಯುತ್ತಿದ್ದಾನಂತೆ. ‘ಜಾಕ್-ಓ-ಲ್ಯಾಂಟರ್ನ್’ ಎಂಬ ಹೆಸರು ಅವನದು.

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂತು. ಹತ್ತು ಲಕ್ಷದಷ್ಟು ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅಮೆರಿಕಕ್ಕೆ ಬಂದವರ ಗಂಟುಮೂಟೆಯಲ್ಲಿ ಹಬ್ಬವಿತ್ತು. ಇಳಿದ ನೆಲದಲ್ಲಿ ಗೆಡ್ಡೆಗಿಂತ ಹತ್ತು ಪಾಲು ದೊಡ್ಡದಾದ, ಒಳಗೆ ತಾನಾಗಿಯೇ ಟೊಳ್ಳಾದ, ಚಾಕು ಸಲೀಸಾಗಿ ಇಳಿಯುವ ಕುಂಬಳವಿತ್ತು. ಕುಂಬಳ ಆ ಖಂಡದ ಸ್ವಂತ ಬೆಳೆ. ಮೆಕ್ಸಿಕೋ ದೇಶದ ವಾಹಾಕಾ ಪ್ರಾಂತದ ಗವಿಯೊಂದರಲ್ಲಿ ಸಿಕ್ಕಿದ ಅದರ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ನಮ್ಮ ಅಡುಗೆಮನೆಯ ಸಿಹಿಗುಂಬಳವೂ ಮೂಲತಃ ಅಲ್ಲಿಂದ ಬಂದದ್ದೇ. ಬೂದುಗುಂಬಳ ಮಾತ್ರ ಏಷ್ಯದ್ದು. ಆ ನಾಡಿನ ಹುಡುಗರು ಸುಗ್ಗಿಯ ಕಾಲದಲ್ಲಿ ಮೊದಲಿನಿಂದಲೂ ಕುಂಬಳವನ್ನು ಕೊರೆದು ಆಡುತ್ತಿದ್ದರು. ಹೀಗೆ ಬಂದ ಹಬ್ಬವೂ ಇದ್ದ ಆಟವೂ ಕೂಡಿಕೊಂಡವು.

ನಡುಮನೆಯಿಂದ ಹೊಸ್ತಿಲಿಗೆ

ಇಂದು ಕಾಣುವ ಅಲಂಕಾರ ಅಷ್ಟೇನೂ ಪುರಾತನವಲ್ಲ. 20ನೆಯ ಶತಮಾನದ ಮೊದಲಿಗೆ ಹ್ಯಾಲೋವೀನ್ ಮುಖ್ಯವಾಗಿ ಮನೆಯೊಳಗಿನ ಕೂಟವಾಗಿತ್ತು. ಅಲಂಕಾರವೂ ನಡುಮನೆಗೆ, ಊಟದ ಮೇಜಿಗೆ ಮೀಸಲು. ಮ್ಯಾಸಚೂಸೆಟ್ಸ್ ರಾಜ್ಯದ ಡೆನಿಸನ್ ಎಂಬ ಕಾಗದದ ಕಂಪನಿ 1909ರಲ್ಲಿ ‘ಬೋಗಿ ಬುಕ್’ ಎಂಬ ಕೈಪಿಡಿಯನ್ನು ಹೊರತಂದು, ಕ್ರೇಪ್ ಕಾಗದದಿಂದ ಮನೆಯನ್ನು ಹೇಗೆ ಸಿಂಗರಿಸಬೇಕು, ಅತಿಥಿಗಳಿಗೆ ಯಾವ ಆಟ ಆಡಿಸಬೇಕು ಎಂದು ಗೃಹಿಣಿಯರಿಗೆ ಕಲಿಸಿಕೊಟ್ಟಿತು. ತಮ್ಮ ಕಾಗದ ಮಾರಾಟವಾಗಲಿ ಎಂಬುದೇ ಉದ್ದೇಶವೆಂದು ಬೇರೆ ಹೇಳಬೇಕಾಗಿಲ್ಲ. ಪೆನ್ಸಿಲ್ವೇನಿಯದ ಬೈಸಲ್ ಕಂಪನಿಯವರು ಜೇನುಹುಟ್ಟಿನಂತೆ ಬಿಚ್ಚಿಕೊಳ್ಳುವ ತೆಳುಕಾಗದದ ಕುಂಬಳಗಳನ್ನೂ, ಬೆನ್ನು ಕಮಾನಾಗಿಸಿದ ಕರಿಬೆಕ್ಕುಗಳನ್ನೂ, ಕೀಲುಕೀಲಾಗಿ ಆಡುವ ರಟ್ಟಿನ ಅಸ್ಥಿಪಂಜರವನ್ನೂ ಮನೆಮನೆಗೆ ಮುಟ್ಟಿಸಿದರು. ಸುಗ್ಗಿಯ ಕಿತ್ತಳೆ, ಇರುಳಿನ ಕಪ್ಪು ಎಂಬ ಜೋಡಿಬಣ್ಣ ಈ ಕಾಗದದ ಮೂಲಕವೇ ನಾಡೆಲ್ಲ ಹರಡಿತು.

ಹೊರಗೆ ಬೀದಿಯಲ್ಲಿ ನಡೆಯುತ್ತಿದ್ದುದು ಬೇರೆ. ಹದಿಹರೆಯದ ಹುಡುಗರು ಗೇಟು ಕಿತ್ತೊಯ್ಯುವರು. ಕಿಟಕಿಗಳಿಗೆ ಸಾಬೂನು ಬಳಿಯುವರು. ರೈತನ ಗಾಡಿಯನ್ನು ಬಿಚ್ಚಿ ಕೊಟ್ಟಿಗೆಯ ಸೂರಿನ ಮೇಲೆ ಮರಳಿ ಜೋಡಿಸಿಡುವರು. ನಮ್ಮಲ್ಲಿ ಕಾಮನ ಹಬ್ಬಕ್ಕೆ ಸೌದೆ ಕದಿಯುತ್ತಿದ್ದ ಪುಂಡರ ಸಾಹಸ ಕೇಳಿದವರಿಗೆ ಇದರ ರುಚಿ ತಿಳಿಯುತ್ತದೆ. 1930ರ ದಶಕದ ಹೊತ್ತಿಗೆ ಈ ಚೇಷ್ಟೆ ನಷ್ಟದ ಮಟ್ಟಕ್ಕೆ ಏರಿತು. ಊರ ಹಿರಿಯರು ಹೂಡಿದ ಉಪಾಯ ಸರಳವಾದದ್ದು: ಕಾಟ ಕೊಡುವವನ ಬಾಯಿಗೆ ಮಿಠಾಯಿ. ‘ಸತ್ಕಾರವೋ, ಚೇಷ್ಟೆಯೋ’ ಎಂಬ ಅರ್ಥದ ‘ಟ್ರಿಕ್ ಆರ್ ಟ್ರೀಟ್’ ಎಂಬ ಕೂಗು ಕೆನಡದ ಪತ್ರಿಕೆಗಳಲ್ಲಿ 1920ರ ದಶಕದಲ್ಲಿಯೇ ಕಾಣಿಸಿಕೊಂಡಿತ್ತು. ಎರಡನೆಯ ಮಹಾಯುದ್ಧದ ಸಕ್ಕರೆಯ ರೇಷನ್ 1947ರಲ್ಲಿ ಮುಗಿದ ಮೇಲೆ ಅದು ಅಮೆರಿಕದ ಬೀದಿಬೀದಿಯ ಆಚಾರವಾಯಿತು. ಆಗಲೇ ಅಲಂಕಾರವೂ ನಡುಮನೆಯನ್ನು ಬಿಟ್ಟು ಹೊಸ್ತಿಲಿಗೆ ಬಂದುದು.

ಪ್ರೇತವನ್ನು ‘ದೂರ ಹೋಗು’ ಎಂದು ಗದರಿಸಲು ಇಟ್ಟ ದೀಪ, ಮಗುವನ್ನು ‘ಹತ್ತಿರ ಬಾ’ ಎಂದು ಕರೆಯುವ ದೀಪವಾಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಾಯಾವಿಯನ್ನು ಮರಳಿ ಕಳಿಸುವ ಜಾಣ್ಮೆ ನಮ್ಮ ಜನರದು; ಇವರದು ‘ಇಂದೇ ಬಾ’ ಎನ್ನುವ ಬರಹ. ದೀಪ ಉರಿಯುವ ಮನೆಯ ಕದವನ್ನು ತಟ್ಟಬಹುದು, ಜಗಲಿಯ ದೀಪ ಆರಿಸಿದ ಮನೆಯನ್ನು ತೊಂದರೆಪಡಿಸಬಾರದು ಎಂಬುದು ಅಲ್ಲಿಯ ಮಕ್ಕಳಿಗೆಲ್ಲ ಗೊತ್ತಿರುವ ಅಲಿಖಿತ ಶಾಸನ. ವರ್ಷವಿಡೀ ಕಾರಿನೊಳಗಿಂದಲೇ ಕೈಬೀಸಿಕೊಂಡು ಹೋಗುವ ನೆರೆಮನೆಯವರು ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯುವುದು ಬಹುಮಟ್ಟಿಗೆ ಆ ಒಂದು ಸಂಜೆ.

ಕಾಯಿ ಕೊರೆಯುವ ಬಗೆ

ಈ ಅಲಂಕಾರದ ಪಟ್ಟದ ವಸ್ತು ಇಂದಿಗೂ ಕುಂಬಳವೇ. ಕೊರೆಯುವ ಕಾಯಿಗೂ ಅಡುಗೆಯ ಕಾಯಿಗೂ ಅಜಗಜಾಂತರವಿದೆ. 1960ರ ದಶಕದಲ್ಲಿ ಮ್ಯಾಸಚೂಸೆಟ್ಸಿನ ರೈತನೊಬ್ಬ ಆಯ್ದು ಬೆಳೆಸಿದ ಹೌಡನ್ ಎಂಬ ತಳಿ ಮುಖ ಕೊರೆಯುವುದಕ್ಕೆಂದೇ ಹೆಸರಾಗಿದೆ: ಕಡುಕಿತ್ತಳೆಯ ಬಣ್ಣ, ಆಳವಾದ ಏಣು, ಹಿಡಿಕೆಯಂತಹ ಗಟ್ಟಿ ತೊಟ್ಟು. ತಳ ಸಮವಾಗಿ ಕೂರುವ, ಎಲ್ಲಿಯೂ ಮೆತ್ತಗಾಗದ, ತೊಟ್ಟು ಹಸಿರಾಗಿರುವ ಕಾಯಿಯನ್ನು ಆರಿಸಬೇಕು. ತೊಟ್ಟು ಹಿಡಿದು ಎತ್ತುವುದು ತರವಲ್ಲ. ಅದು ಮುರಿದ ಗಾಯದಲ್ಲಿಯೇ ಕೊಳೆ ಹೊಗುತ್ತದೆ.

ಮೇಲಿನ ಮುಚ್ಚಳವನ್ನು ಕತ್ತರಿಸುವಾಗ ಚಾಕುವನ್ನು ಒಳಮುಖವಾಗಿ ಓರೆ ಹಿಡಿಯಬೇಕು. ನೆಟ್ಟಗೆ ಕತ್ತರಿಸಿದರೆ ಮುಚ್ಚಳ ಜಾರಿ ಹೊಟ್ಟೆಯೊಳಗೆ ಬೀಳುತ್ತದೆ. ಅಗಲ ಚಮಚದಿಂದ ಬೀಜವನ್ನೂ ನಾರನ್ನೂ ಕೆರೆದು ತೆಗೆದು, ಮುಖ ಬರಬೇಕಾದ ಕಡೆಯ ಗೋಡೆಯನ್ನು ಒಂದು ಅಂಗುಲ ದಪ್ಪಕ್ಕೆ ಇಳಿಸಿಕೊಂಡರೆ ಮುಂದಿನ ಕೆಲಸ ಹಗುರ. ಕಾಗದದ ಮೇಲೆ ಬರೆದ ಮುಖವನ್ನು ಕಾಯಿಗೆ ಅಂಟಿಸಿ, ಗೆರೆಯುದ್ದಕ್ಕೂ ಮೊಳೆಯಿಂದ ಚುಕ್ಕೆಚುಕ್ಕೆಯಾಗಿ ಚುಚ್ಚಿಕೊಂಡು, ಸಣ್ಣಹಲ್ಲಿನ ಗರಗಸದಿಂದ ಕೊರೆಯಬೇಕು. ಮೊದಲು ಕಣ್ಣು, ಕೊನೆಗೆ ಬಾಯಿ. ದೊಡ್ಡ ಬಾಯಿಯನ್ನು ಮೊದಲೇ ಕೊರೆದರೆ ಗೋಡೆಯ ಬಲ ಕುಗ್ಗಿ ಮಿಕ್ಕ ಮುಖ ಬಿರಿಯುತ್ತದೆ. ಎಳೆಯರ ಕೈಗೆ ಚಾಕುವಿನ ಬದಲು ಚಮಚವನ್ನೂ ಬಣ್ಣದ ಕುಂಚವನ್ನೂ ಕೊಡುವುದು ಲೇಸು. ಹಬ್ಬಕ್ಕೆ ಮೂರು ನಾಲ್ಕು ದಿನ ಮುಂಚೆ ಕೊರೆದರೆ ಸಾಕು. ವಾರ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು, ಗಲ್ಲ ಜೋತು, ಹಲ್ಲುದುರಿದ ಮುದುಕನ ಮುಖವಾಗುತ್ತದೆ. ಅಷ್ಟರೊಳಗೆ ಅಳಿಲುಗಳು ಮೂಗು ತಿಂದು ಹೋಗಿರುವುದೂ ಉಂಟು. ಒಳಗಿಡುವ ದೀಪ ಈಗ ಹೆಚ್ಚಾಗಿ ಬ್ಯಾಟರಿಯದು. ಬತ್ತಿಯ ಜ್ವಾಲೆಯ ಚಂಚಲತೆ ಅದಕ್ಕೆ ಬಾರದು ನಿಜ. ಆದರೆ ಮಕ್ಕಳು ತೊಟ್ಟು ಬರುವ ಇಳಿಬಿಟ್ಟ ನಿಲುವಂಗಿಗಳನ್ನು ನೆನೆದರೆ ಬ್ಯಾಟರಿಯೇ ವಾಸಿ.

ಕುಂಬಳದ ಜೊತೆಗೆ ಮುಸುಕಿನ ಜೋಳದ ಒಣದಂಟಿನ ಕಂತೆ, ಹುಲ್ಲಿನ ಪಿಂಡಿ, ಸೇವಂತಿಗೆಯ ಕುಂಡ, ಒಬ್ಬ ಬೆದರುಬೊಂಬೆ ಇಷ್ಟಿದ್ದರೆ ಹಳೆಯ ಮಾದರಿಯ ಸಿಂಗಾರ ಮುಗಿಯಿತು. ಹತ್ತಿಯಂತಹ ನಾರನ್ನು ಎಳೆದು ಗಿಡಗಳ ಮೇಲೆ ಹರಡುವ ಹುಸಿ ಜೇಡರಬಲೆ ಅಗ್ಗವೆಂದು ಬಹಳ ಬಳಕೆಯಲ್ಲಿದೆ; ಅದರಲ್ಲಿ ಸಣ್ಣ ಹಕ್ಕಿಗಳೂ ನಿಜವಾದ ಬಾವಲಿಗಳೂ ಸಿಕ್ಕಿ ಒದ್ದಾಡುತ್ತವೆಂದು ವನ್ಯಜೀವಿಗಳ ರಕ್ಷಕರು ಎಚ್ಚರಿಸುತ್ತ ಬಂದಿದ್ದಾರೆ. ಕಟ್ಟಲೇಬೇಕೆಂದಿದ್ದರೆ ಮನೆಯೊಳಗೆ ಕಟ್ಟಿಕೊಳ್ಳಲಿ. ಮೆಟ್ಟಿಲ ಮೇಲೆ ವಿದ್ಯುತ್ತಿನ ತಂತಿ ಹಾಯಬಾರದು. ಮನೆಯ ಸಂಖ್ಯೆಯನ್ನು ಯಾವ ಪಿಶಾಚಿಯೂ ಮುಚ್ಚಬಾರದು. ಈ ಕೊನೆಯ ಮಾತು ಸಣ್ಣದೆಂದು ಕಾಣಬಹುದು. ಅದನ್ನು ಸುಮ್ಮನೆ ಹೇಳಿದ್ದಲ್ಲ.

ತಪ್ಪಿ ತಟ್ಟಿದ ಬಾಗಿಲು

1992ರ ಅಕ್ಟೋಬರ್ 17. ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ 16 ವರ್ಷದ ಜಪಾನೀ ವಿದ್ಯಾರ್ಥಿಯೊಬ್ಬ, ತಾನು ತಂಗಿದ್ದ ಮನೆಯ ಹುಡುಗನೊಡನೆ ಹ್ಯಾಲೋವೀನ್ ಕೂಟವೊಂದಕ್ಕೆ ಹೊರಟ. ಆತ ಅಮೆರಿಕಕ್ಕೆ ಬಂದು ಕೆಲವೇ ವಾರಗಳಾಗಿದ್ದವು. ಮೈಮೇಲೆ ಸಿನಿಮಾ ನಟನ ಮಾದರಿಯ ಬಿಳಿಯ ಉಡುಪು. ಹೋಗಬೇಕಾದ ಮನೆಯ ಸಂಖ್ಯೆಯನ್ನೇ ಅಂಕೆಗಳು ಅದಲುಬದಲಾದಂತೆ ಹೋಲುವ ಇನ್ನೊಂದು ಮನೆ ಅದೇ ಬೀದಿಯಲ್ಲಿತ್ತು. ಅದರ ಮುಂದೆ ಹ್ಯಾಲೋವೀನ್ ಅಲಂಕಾರವೂ ಇತ್ತು. ಅಲಂಕಾರ ಕಂಡ ಹುಡುಗರು ಇದೇ ಮನೆಯೆಂದು ಗಂಟೆ ಒತ್ತಿದರು.

ಬಾಗಿಲು ತೆರೆದ ಗೃಹಿಣಿ ಅಪರಿಚಿತರನ್ನು ಕಂಡು ಬೆಚ್ಚಿ ಕದ ಹಾಕಿಕೊಂಡಳು. ಗಂಡನಿಗೆ ಬಂದೂಕು ತರಲು ಹೇಳಿದಳು. ಹುಡುಗರು ಮರಳಿ ಕಾರಿನ ಕಡೆಗೆ ನಡೆದಿದ್ದರು. ಅಷ್ಟರಲ್ಲಿ ಮನೆಯ ಯಜಮಾನ ಪಕ್ಕದ ಬಾಗಿಲಿನಿಂದ ರಿವಾಲ್ವರ್ ಹಿಡಿದು ಹೊರಬಂದು ‘ಫ್ರೀಜ್’ ಎಂದು ಕೂಗಿದ. ಅಲುಗದೆ ನಿಲ್ಲು ಎಂಬ ಅರ್ಥದ ಆ ಆಡುಮಾತು ಜಪಾನೀ ಬಾಲಕನಿಗೆ ತಿಳಿಯಿತೋ ಇಲ್ಲವೋ. ಕೂಟಕ್ಕೆಂದು ಬಂದವರು ನಾವು ಎನ್ನುತ್ತ ಅವನು ಮುಂದೆ ಬಂದ. ಒಂದೇ ಗುಂಡು. ಆಸ್ಪತ್ರೆಯ ದಾರಿಯಲ್ಲಿ ಬಾಲಕ ತೀರಿಕೊಂಡ.

1993ರ ಮೇ ತಿಂಗಳಲ್ಲಿ ಜ್ಯೂರಿಯವರು ಗುಂಡು ಹಾರಿಸಿದವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದರು. ಮರುವರ್ಷ ಸಿವಿಲ್ ನ್ಯಾಯಾಲಯ ಹೊಣೆಯನ್ನು ಅವನ ಮೇಲೆಯೇ ಹೊರಿಸಿ, 6,50,000 ಡಾಲರಿಗೂ ಮಿಕ್ಕ ಪರಿಹಾರವನ್ನು ವಿಧಿಸಿತು. ಮಗನನ್ನು ಕಳೆದುಕೊಂಡ ತಾಯಿತಂದೆಗಳು ಜಪಾನಿನಲ್ಲಿ ಬಂದೂಕಿನ ಹತೋಟಿಗಾಗಿ 17 ಲಕ್ಷ ಸಹಿಗಳನ್ನು ಕೂಡಿಸಿ, 1993ರ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ನರನ್ನು ಕಂಡು ಅರಿಕೆ ಮಾಡಿಕೊಂಡರು.

ಬಂದೂಕಿನ ವಿಚಾರ ಆ ದೇಶದ ದೊಡ್ಡ ವ್ಯಾಜ್ಯ. ಅದನ್ನು ಈ ಲೇಖನ ತೀರ್ಮಾನಿಸಲಾರದು. ಆದರೆ ಅಲಂಕಾರದ ಮಟ್ಟಿಗೆ ಈ ಸಾವು ಎತ್ತಿದ ಪ್ರಶ್ನೆ ತಪ್ಪಿಸಿಕೊಳ್ಳುವಂಥದಲ್ಲ. ಪರದೇಶದ ಬಾಲಕ ಬಾಗಿಲ ಮೇಲಿನ ಬರಹವನ್ನು ತಾನು ಕಲಿತಂತೆಯೇ ಓದಿದ: ಇಲ್ಲಿ ಹಬ್ಬವಿದೆ, ತಟ್ಟಬಹುದು. ಬರೆದವರೋ ಅದನ್ನು ಮಾತೆಂದೇ ತಿಳಿದಿರಲಿಲ್ಲ. ಅಂಗಡಿಯಿಂದ ತಂದ ಸಾಮಾನು ಎಂದು ತಿಳಿದಿದ್ದರು. ದೀಪವಿಟ್ಟ ಮನೆಯವರು ಯಾರು ಬಂದರೂ ಬಾಗಿಲು ತೆರೆಯುವೆವೆಂದು ಮಾತು ಕೊಟ್ಟಂತೆ. ಆ ಮಾತನ್ನು ಉಳಿಸಿಕೊಳ್ಳುವ ಮನಸ್ಸಿಲ್ಲದವರು ಜಗಲಿಯನ್ನು ಕತ್ತಲಾಗಿಯೇ ಇಡುವುದು ಮೇಲು. ಅದರಲ್ಲಿ ಅವಮಾನವೇನೂ ಇಲ್ಲ.

ಭಯದ ಅಳತೆ

ಇದರ ತದ್ವಿರುದ್ಧವಾದ ಅನರ್ಥವೂ ನಡೆದಿದೆ. 2005ರ ಅಕ್ಟೋಬರಿನಲ್ಲಿ ಡೆಲವೇರ್ ರಾಜ್ಯದ ಚಿಕ್ಕ ಊರೊಂದರಲ್ಲಿ ನತದೃಷ್ಟ ಮಹಿಳೆಯೊಬ್ಬಳು ರಸ್ತೆಯ ಬದಿಯ ಮರದಲ್ಲಿ ಪ್ರಾಣ ಕಳೆದುಕೊಂಡಿದ್ದಳು. ಹಗಲು ಹೊತ್ತಿನಲ್ಲಿಯೇ ಜನ ನೋಡಿಕೊಂಡು ಹೋದರು. ಹ್ಯಾಲೋವೀನ್ ಅಲಂಕಾರವೆಂದು ಭಾವಿಸಿ ಗಂಟೆಗಟ್ಟಲೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ನಿಜವಾದ ಸಾವನ್ನು ಗೊಂಬೆಯೆಂದು ದಾಟಿಹೋಗುವಷ್ಟು ಗೊಂಬೆಗಳನ್ನು ನಿಜದಂತೆ ಮಾಡಿ ತೂಗುಹಾಕಿದವರು ಯಾರು? ನೇಣಿನ ಬೊಂಬೆ, ರಕ್ತ ಸುರಿವ ಕೈಕಾಲು, ಕೊಲೆಯ ದೃಶ್ಯ ಇವು ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತವೆ, ದೊರೆಯುತ್ತವೆಂದು ಕೊಳ್ಳಬೇಕಾಗಿಲ್ಲ. ಅದೇ ಬೀದಿಯಲ್ಲಿ ಆ ವರ್ಷ ಮಗನನ್ನು ಮಣ್ಣು ಮಾಡಿ ಬಂದ ತಾಯಿ ಇರಬಹುದು. ರನ್ನನ ಗದಾಯುದ್ಧದ ರಣರಂಗದಲ್ಲಿ ಸಹ ಮರುಳುಗಳು ಹಾಸ್ಯವಾಡುತ್ತವೆ. ಭೂತದ ಬಾಯಲ್ಲಿ ನಗೆಯೊಂದಿದ್ದರೇ ಅದು ಕಲೆಯಲ್ಲಿ ಸಹ್ಯ. ಹಲ್ಲು ಕಿರಿಯುವ ಕುಂಬಳಕ್ಕೆ ಹಳೆಯ ಜನ ಈ ನಗೆಯನ್ನು ಸುಮ್ಮನೆ ಕೊಡಲಿಲ್ಲ. ಐದು ವರ್ಷದ ಮಗು ಹೆದರಿ ತಾಯಿಯ ಹಿಂದೆ ಅಡಗಿ, ಮರುಗಳಿಗೆಯಲ್ಲಿ ಇಣುಕಿ ನಕ್ಕು, ಮಿಠಾಯಿಗೆ ಕೈಚಾಚುವಷ್ಟೇ ಭಯ ಆ ಸಂಜೆಗೆ ಬೇಕಾದ ಭಯ.

ಅಳತೆ ತಪ್ಪುವುದು ಗಾತ್ರದಲ್ಲಿಯೂ ಉಂಟು. 2020ರಲ್ಲಿ ಹೋಮ್ ಡಿಪೋ ಎಂಬ ಅಂಗಡಿಯವರು 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು 299 ಡಾಲರಿಗೆ ಮಾರಾಟಕ್ಕಿಟ್ಟರು. ಮಹಾಮಾರಿಗೆ ಹೆದರಿ ಮನೆಯಲ್ಲಿ ಕೂತಿದ್ದ ಜನ ಮುಗಿಬಿದ್ದು ಕೊಂಡರು. ನ್ಯಾಷನಲ್ ರೀಟೇಲ್ ಫೆಡರೇಷನ್ ಎಂಬ ವರ್ತಕರ ಸಂಘದ ಅಂದಾಜಿನಂತೆ 2023ರ ಹ್ಯಾಲೋವೀನ್ ಖರ್ಚು 1,220 ಕೋಟಿ ಡಾಲರು. ಅದರಲ್ಲಿ ಅಲಂಕಾರದ ಪಾಲೇ 390 ಕೋಟಿ. ಹಬ್ಬ ಮುಗಿದ ಮೇಲೆ ಆ 12 ಅಡಿಯ ಎಲುಬನ್ನು ಎಲ್ಲಿ ಮಲಗಿಸುತ್ತಾರೆ ಎಂದು ಕೇಳಬೇಡಿ; ಅನೇಕರು ಮಲಗಿಸುವುದೇ ಇಲ್ಲ. ಡಿಸೆಂಬರಿನಲ್ಲಿ ಅದಕ್ಕೇ ಕ್ರಿಸ್‌ಮಸ್ ತಾತನ ಟೊಪ್ಪಿಗೆ ತೊಡಿಸುತ್ತಾರೆ.

ಬಾಗಿಲಿಗೆ ಬರುವ ಮಕ್ಕಳ ಕಡೆಗೂ ಒಂದು ಭಯವಿದೆ. ಅಪರಿಚಿತರ ಮಿಠಾಯಿಯಲ್ಲಿ ವಿಷವೋ ಬ್ಲೇಡೋ ಇದ್ದೀತೆಂದು ತಾಯಂದಿರು ದಶಕಗಳಿಂದ ನಡುಗುತ್ತಿದ್ದಾರೆ. 1974ರಲ್ಲಿ ಟೆಕ್ಸಾಸಿನಲ್ಲಿ ವಿಷದ ಮಿಠಾಯಿಯಿಂದ ಬಾಲಕನೊಬ್ಬ ಸತ್ತದ್ದು ನಿಜ. ಕೊಟ್ಟವನು ಅಪರಿಚಿತನಲ್ಲ, ವಿಮೆಯ ಹಣಕ್ಕೆ ಆಸೆಪಟ್ಟ ಹೆತ್ತ ತಂದೆ. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1985ರಿಂದ ಇಂಥ ವರದಿಗಳನ್ನು ಜಾಲಾಡಿ, ದಾರಿಹೋಕ ಮಗುವಿಗೆ ಅಪರಿಚಿತರು ವಿಷವಿಟ್ಟು ಕೊಂದ ಒಂದು ಪ್ರಸಂಗವೂ ದೃಢಪಟ್ಟಿಲ್ಲವೆಂದು ತೋರಿಸಿದ್ದಾರೆ. ಮಕ್ಕಳಿಗೆ ನಿಜವಾಗಿ ಅಪಾಯಕಾರಿಯಾದದ್ದು ಮಿಠಾಯಿಯೊಳಗಿನ ಕಡಲೆಕಾಯಿಯಂತಹ ಸಾದಾ ವಸ್ತು, ಅದು ಮೈಗೆ ಒಗ್ಗದವರ ಪಾಲಿಗೆ. ಇದಕ್ಕೆಂದು 2012ರಲ್ಲಿ ಟೆನೆಸಿ ರಾಜ್ಯದಲ್ಲಿ ಹುಟ್ಟಿದ ಒಂದು ಪದ್ಧತಿ 2014ರಿಂದ ದೇಶವ್ಯಾಪಿಯಾಯಿತು. ಕುಂಬಳಕ್ಕೆ ಹಸಿರು ಬೆರೆತ ನೀಲಿಬಣ್ಣ ಬಳಿದು ಬಾಗಿಲಲ್ಲಿಟ್ಟರೆ, ಈ ಮನೆಯಲ್ಲಿ ತಿಂಡಿಯಲ್ಲದೆ ಪೆನ್ಸಿಲ್, ಬುಗುರಿ ಮೊದಲಾದುವೂ ಉಂಟು ಎಂದರ್ಥ. ಹಬ್ಬದ ನಿಘಂಟಿಗೆ ಈಚೆಗೆ ಸೇರಿದ ಶಬ್ದಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲವೆಂದು ನನ್ನ ಮತ.

ಅಲ್ಲಿ ನೆಲೆಸಿದ ಕನ್ನಡಿಗರ ಮನೆಯ ಮುಂದೆ ಈ ನಿಘಂಟು ಇನ್ನಷ್ಟು ಬೆಳೆದಿದೆ. ಹ್ಯಾಲೋವೀನೂ ದೀಪಾವಳಿಯೂ ಒಂದರ ಬೆನ್ನಿಗೊಂದು ಬರುತ್ತವೆ. 2024ರಲ್ಲಿ ನರಕಚತುರ್ದಶಿ ಬಿದ್ದದ್ದು ಅಕ್ಟೋಬರ್ 31ರಂದೇ. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಮಾಟಗಾತಿಯ ಟೊಪ್ಪಿಗೆ. ಒಂದೇ ಮೆಟ್ಟಿಲ ಮೇಲೆ ರಂಗೋಲಿ, ಹಣತೆ, ಹಲ್ಲು ಕಿರಿಯುವ ಕಾಯಿ. ಬೆಳಗಾದರೆ ನವೆಂಬರ್ 1, ಕರ್ನಾಟಕ ರಾಜ್ಯೋತ್ಸವ. ಕಟ್ಟಡಗಳ ಮೇಲೆ ಮೀಸೆ ಬರೆದ ಬೂದುಗುಂಬಳವನ್ನು ದೃಷ್ಟಿಗೆಂದು ತೂಗುಹಾಕುವ ನಾಡಿನಿಂದ ಹೋದವರಿಗೆ ಮುಖವುಳ್ಳ ಕುಂಬಳ ತೀರ ಪರಕೀಯವಾಗಿ ಕಾಣಬೇಕಾಗಿಲ್ಲ.

ಕೊನೆಗೆ ಗೃಹಿಣಿಯರಿಗೆ ಒಂದು ಸೂಚನೆ. ಅಷ್ಟು ದೊಡ್ಡ ಕಾಯಿ ವ್ಯರ್ಥವಾಯಿತಲ್ಲಾ ಎಂದು ಮರುದಿನ ಅದನ್ನು ಹುಳಿಗೆ ಹಾಕುವ ಯೋಚನೆ ಬೇಡ. ಕೊರೆಯುವ ತಳಿಯ ತಿರುಳು ಬರಿಯ ನೀರು ಮತ್ತು ನಾರು, ಮೇಲಾಗಿ ರಾತ್ರಿಯೆಲ್ಲ ಹೊರಗೆ ನೆಂದದ್ದು. ಅದು ಗೊಬ್ಬರದ ಗುಂಡಿಗೆ ಸಲ್ಲಲಿ. ಹುಳಿಗೆ ‘ಶುಗರ್ ಪಂಪ್ಕಿನ್’ ಎಂದು ಮಾರುವ ಸಣ್ಣ ಕಾಯಿಯನ್ನು ಬೇರೆಯೇ ಕೊಳ್ಳಬೇಕು. ಕೊರೆದ ದಿನವೇ ತೆಗೆದಿಟ್ಟ ಬೀಜವನ್ನು ಮಾತ್ರ ತೊಳೆದು, ಆರಿಸಿ, ಉಪ್ಪು ಸವರಿ, ಚಟಚಟ ಸದ್ದಾಗುವವರೆಗೆ ಹುರಿದರೆ ಸಂಜೆಯ ಕಾಫಿಗೆ ಒದಗುತ್ತದೆ.